ಮಾವನವರ ಇಷ್ಟಲಿಂಗ ಮತ್ತು ಮಲ್ಕಾಜ್‌ಗಿರಿಯ ಸೊಸೆ

"ಕಟ್ ಚೇಸೇದ್ದಾಮಾ ಅಮ್ಮಾ?" ಎಂದಳು ನರ್ಸ್. ಕತ್ತರಿಸಿಬಿಡೋಣವೇ ಎಂದು ತೆಲುಗಿನಲ್ಲಿ ಕೇಳುತ್ತಿದ್ದಾಳೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅವಳ ಕತ್ತರಿ ನನ್ನ ಮಾವನವರ ಕೊರಳ ದಾರದ ಹತ್ತಿರ ಬಂದಿತ್ತು. ಆ ದಾರಕ್ಕೆ ಬೆಳ್ಳಿಯ ಕರಡಿಗೆ, ಅದರೊಳಗೆ ಅವರ ಇಷ್ಟಲಿಂಗ. ಕೂಸಾಗಿದ್ದಾಗ ಮಠದ ಅಯ್ಯನವರು ಕಟ್ಟಿದ್ದು. ಅಂದಿನಿಂದ ಅದು ಅವರ ಮೈಬಿಟ್ಟು ಅಗಲಿದ್ದಿಲ್ಲ.

"ಆಗಂಡಿ! ಕಟ್ ಚೇಯೊದ್ದು!" ಎಂದು ಕೂಗಿದೆ. ನಿಲ್ಲಿ, ಕತ್ತರಿಸಬೇಡಿ ಎಂದು. ಮದುವೆಯಾಗಿ ಗದಗಿನಿಂದ ಹೈದರಾಬಾದಿಗೆ ಬಂದ ಮೇಲೆ ತಡವರಿಸದೆ ನನ್ನ ಬಾಯಿಂದ ಬಂದ ಮೊದಲ ತೆಲುಗು ಮಾತು ಅದೇ. ಅಲ್ಲಿಯವರೆಗೆ ತರಕಾರಿಯವನಿಗೆ ಬೆರಳು ತೋರಿಸಿ, ಉಳಿದದ್ದನ್ನು ಹರಕು ಹಿಂದಿಯಲ್ಲಿ ದಾಟಿಸುತ್ತಿದ್ದೆ. ನರ್ಸ್ ಬೆಚ್ಚಿ ಕೈ ಹಿಂದೆ ತೆಗೆದುಕೊಂಡಳು.

ಬೆಳಗ್ಗೆ ಮಾವನವರು ಹೊಟ್ಟೆ ಹಿಡಿದುಕೊಂಡು ಕುಸಿದಿದ್ದರು. ಹರ್ನಿಯಾದಲ್ಲಿ ಕರುಳು ಸಿಕ್ಕಿಕೊಂಡಿದೆ, ಸಂಜೆಯೊಳಗೆ ಆಪರೇಷನ್ ಆಗದಿದ್ದರೆ ಜೀವ ಉಳಿಯುವುದು ಕಷ್ಟ ಎಂದರು ಡಾಕ್ಟರು. ಮೈಮೇಲೆ ಒಂದು ಎಳೆ ದಾರವೂ ಇರಕೂಡದಂತೆ. ತೋಳಿಗೆ ಕಟ್ಟಬಹುದೇ ಎಂದು ಕೇಳಿದೆ. ಅದೂ ಆಗದು. ನನ್ನ ಗಂಡ ಗೂಡ್ಸ್ ಗಾಡಿ ಓಡಿಸುವ ಡ್ರೈವರ್, ಡ್ಯೂಟಿಯ ಮೇಲಿದ್ದರೆ ಅವರ ಫೋನ್ ಬಂದ್. ಹೀಗಾಗಿ ಅಲ್ಲಿದ್ದವರು ನಾನು, ನೋವಿನಿಂದ ಹಲ್ಲು ಕಚ್ಚಿಕೊಂಡ ಮಾವನವರು, ಆ ಕರಡಿಗೆ.

"ಯವ್ವಾ, ಇದನ್ನ ತಗದಿಟ್ಟು ನಾ ಒಳಗ ಹೋಗಂಗಿಲ್ಲ. ನಡಿ ಮನಿಗೆ," ಎಂದರು ಅವರು.

ಗದಗಿನಲ್ಲಾಗಿದ್ದರೆ ಈ ಫಜೀತಿಯೇ ಇರುತ್ತಿರಲಿಲ್ಲ. ಅಲ್ಲಿ ನರ್ಸಿಗೆ ಕರಡಿಗೆ ಗೊತ್ತು, ಡಾಕ್ಟರ ಕೊರಳಲ್ಲೇ ಒಂದು ಇದ್ದರೂ ಇದ್ದೀತು. ಮಂಚದ ಸುತ್ತ ರೊಟ್ಟಿಯ ಗಂಟು ಹಿಡಿದ ಬೀಗರು ತುಂಬಿಕೊಂಡು, ಯಾರಾದರೊಬ್ಬ ಹಿರಿಯರು ಗದರಿಸಿ ಒಪ್ಪಿಸುತ್ತಿದ್ದರು. ಇಲ್ಲಿ ಹಿರಿಯಳೂ ನಾನೇ, ಕಿರಿಯಳೂ ನಾನೇ.

ಮಾವನವರು ವಾಡಿ ಕಡೆಯ ಹಳ್ಳಿಯವರು. ಮೀಸೆ ಚಿಗುರುವ ಮೊದಲೇ ರೈಲ್ವೆ ಗ್ಯಾಂಗಿಗೆ, ಅಂದರೆ ಹಳಿ ರಿಪೇರಿ ಮಾಡುವ ಆಳುಗಳ ತಂಡಕ್ಕೆ, ಸೇರಿದರು. ಹಾರೆ, ಸುತ್ತಿಗೆ ಹೊತ್ತು ತಾಂಡೂರು, ವಿಕಾರಾಬಾದಿನ ಬಿಸಿಲಲ್ಲಿ ಸವೆದು, ಕೊನೆಗೆ ಗ್ಯಾಂಗಿನ ಮೇಟ್, ಅಂದರೆ ಮೇಸ್ತ್ರಿ, ಆಗಿ ನಿವೃತ್ತರಾಗಿ ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ಎರಡು ಕೋಣೆಯ ಮನೆ ಮಾಡಿದರು. ಆ ಸಂಬಳದಲ್ಲೇ ತಮ್ಮಂದಿರನ್ನು ಓದಿಸಿದರು, ತಂಗಿಯರನ್ನು ದಡ ಸೇರಿಸಿದರು. ಪಾರ್ಶ್ವವಾಯು ಹೊಡೆದು ಮಲಗಿದ ಅತ್ತೆಯವರಿಗೆ ವರ್ಷಗಟ್ಟಲೆ ತಮ್ಮ ಕೈಯಾರೆ ಉಣಿಸಿದರು. ಡ್ಯೂಟಿ ಎಷ್ಟು ಬೇಗ ಇದ್ದರೂ ಲಿಂಗಪೂಜೆಯಾಗದೆ ಹನಿ ನೀರು ಅವರ ಗಂಟಲಿಗೆ ಇಳಿಯುತ್ತಿರಲಿಲ್ಲ. ಹಳಿಯ ಪಕ್ಕದ ಬೇವಿನ ಮರದ ಕೆಳಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತವರು ಅವರು.

ಇಂಥ ಮನೆಗೆ ನಾನು ಬಂದೆ. ನಮ್ಮದು ಲಿಂಗ ಕಟ್ಟುವ ಮನೆತನವಲ್ಲ. ಮಗ ಮೆಚ್ಚಿದವಳು ಎಂದು ಮಾವನವರು ಒಪ್ಪಿದರು. ನನ್ನ ಕೈಯ ರೊಟ್ಟಿ ಉಂಡರು, ಪಲ್ಯಕ್ಕೆ ಖಾರ ಸಾಲದು ಎಂದು ಬೈದರು ಕೂಡ. ಪೂಜೆಯ ಹೊತ್ತಿಗೆ ಮಾತ್ರ ಕೋಣೆಯ ಬಾಗಿಲು ಅರ್ಧ ಮುಚ್ಚುತ್ತಿತ್ತು. ಅವರೇನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಊರಿನಲ್ಲಿ ನನಗೆ ಬೇರೆ ತಲೆನೋವುಗಳೇ ಸಾಕಷ್ಟಿದ್ದವು. ಮನೆ ಪಕ್ಕದ ಹಳಿಯ ಮೇಲೆ ಗಾಡಿ ಹಾದುಹೋದಾಗಲೆಲ್ಲ ಗೋಡೆಯ ಹಲಗೆಯ ಮೇಲಿನ ಲೋಟಗಳು ನಡುಗುತ್ತಿದ್ದವು, ನಾನೂ ನಡುಗುತ್ತಿದ್ದೆ. ಸಂಜೆ ಬೀದಿ ಬದಿಯಲ್ಲಿ ಹೆಂಗಸರು ಜೊನ್ನ ರೊಟ್ಟೆ, ಅಂದರೆ ನಮ್ಮ ಜೋಳದ ರೊಟ್ಟಿಯನ್ನೇ, ಬಡಿಯುತ್ತಾರೆ. ನಮ್ಮಷ್ಟು ತೆಳ್ಳಗಿಲ್ಲ ಎಂದು ಮೂಗು ಮುರಿದವಳು, ಗಂಡ ಡ್ಯೂಟಿಗೆ ಹೋಗಿ ಮನೆ ಭಣಗುಟ್ಟಿದ ದಿನ ಅದನ್ನೇ ತಂದು ಕಣ್ಣೊರೆಸಿಕೊಳ್ಳುತ್ತ ತಿಂದಿದ್ದೇನೆ.

ಡಾಕ್ಟರು ಮತ್ತೆ ಬಂದರು. "ತಾತಗಾರೂ, ಟೈಮ್ ಲೇದು," ಎಂದರು. ಅಜ್ಜಾ, ಹೊತ್ತಿಲ್ಲ ಎಂದು. ಮಾವನವರ ಹಣೆ ಬೆವೆತಿತ್ತು, ತುಟಿ ಬಿಳಚಿಕೊಂಡಿತ್ತು. ಗಾಬರಿಯಲ್ಲಿ ನಾನೊಂದು ತಪ್ಪು ಮಾಡಿದೆ.

"ಮಾವಾರ, ತಗದು ಕೊಡ್ರಿ. ನನ್ನ ಬ್ಯಾಗಿನಾಗ ಜೋಪಾನ ಇಡ್ತೀನಿ."

"ಬ್ಯಾಗಿನಾಗ?" ಆ ನೋವಿನಲ್ಲೂ ಅವರ ಕಣ್ಣು ಕೆಂಪಾಯಿತು. "ನನ್ನ ದೇವ್ರನ್ನ ನಿನ್ನ ಬಾಚಣಿಕಿ ಜೋಡಿ ಇಡ್ತೀಯೇನು?" ಎಂದವರೇ ಮುಖ ಗೋಡೆಗೆ ತಿರುಗಿಸಿದರು. ಮುಗಿಯಿತು ಎಂದುಕೊಂಡೆ. ಗಂಡ ಬಂದು ಅಪ್ಪ ಎಲ್ಲಿ ಎಂದರೆ ಏನು ಹೇಳಲಿ?

ಊಟಕ್ಕೆ ಕೂತಾಗಲೆಲ್ಲ ಮಾವನವರು ಗ್ಯಾಂಗಿನ ಪದ್ಧತಿಯೊಂದನ್ನು ಹೇಳುತ್ತಿದ್ದರು. ಹಳಿ ಬಿಚ್ಚಿ ಕೆಲಸ ನಡೆಯುವಾಗ ಒಬ್ಬ ಆಳು ದೂರದಲ್ಲಿ ಕೆಂಪು ಝಂಡಿ, ಅಂದರೆ ಬಾವುಟ, ಹಿಡಿದು ನಿಲ್ಲುತ್ತಾನೆ. ಹಸಿವಾಗಲಿ, ಬಿಸಿಲಾಗಲಿ, ಝಂಡಿಯನ್ನು ನೆಲದಲ್ಲಿ ನೆಟ್ಟು ಹೋಗುವಂತಿಲ್ಲ. ಬದಲಿ ಆಳು ಬಂದು ಕೈಯಿಂದ ಕೈಗೆ ತೆಗೆದುಕೊಂಡ ಮೇಲೆಯೇ ಅವನಿಗೆ ಬಿಡುಗಡೆ. ಈ ಕಥೆ ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿತ್ತು. ಆ ಹೊತ್ತಿಗೆ ಅದೇ ನೆನಪಾಯಿತು.

"ಮಾವಾರ, ಬ್ಯಾಗ ಬ್ಯಾಡ. ಝಂಡಿಗೆ ಬದಲಿ ಆಳು ಬಂದೈತಿ. ನನ್ನ ಕೈಯಾಗ ಕೊಡ್ರಿ. ನೀವು ಹೊರಗ ಬರೂತನಕ ಕೆಳಗ ಇಡಂಗಿಲ್ಲ."

ಅವರು ತಿರುಗಲಿಲ್ಲ. "ನಿನಗ ಲಿಂಗದೀಕ್ಷಾ ಆಗಿಲ್ಲವ್ವಾ," ಎಂದರು ಮೆಲ್ಲಗೆ. ಆ ಮಾತನ್ನು ಅವರು ಬಾಯಿಬಿಟ್ಟು ಆಡಿದ್ದು ಅದೇ ಮೊದಲ ಸಲ. ನನಗೆ ಚುರ್ ಎಂದಿತು. ನನ್ನ ನಾಲಿಗೆಗೂ ಹಿಡಿತ ಕಡಿಮೆ.

"ನಿಮ್ಮ ಗ್ಯಾಂಗಿನಾಗ ಝಂಡಿ ಹಿಡಿಯಾಕ ಕುಲ ಕೇಳಿ ನಿಲ್ಲಸ್ತಿದ್ರೇನ್ರಿ?"

ಅವರು ತಿರುಗಿ ನನ್ನನ್ನೇ ದಿಟ್ಟಿಸಿದರು. ಆಮೇಲೆ ತಾವೇ ಗಂಟು ಬಿಚ್ಚಿ, ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು, "ಎಡಗೈ ಹಿಡಿ," ಎಂದರು. ಹಿಡಿದೆ. ಅಂಗೈಯಲ್ಲಿ ಕರಡಿಗೆ ಇಟ್ಟು, "ಕೆಳಗ ಇಡಬ್ಯಾಡ," ಎಂದರು. ಸ್ಟ್ರೆಚರ್ ಒಳಗೆ ಹೋಯಿತು.

ಹೊರಗಿನ ಬೆಂಚಿನ ಮೇಲೆ ಕೂತೆ. ಅಂಗೈ ಬೆವರಿ ಬೆಳ್ಳಿ ಬಿಸಿಯಾಗಿತ್ತು. ಪಕ್ಕದಲ್ಲಿ ಕೂತಿದ್ದ ತೆಲುಗು ಹೆಂಗಸು ಬಾಟಲಿ ಚಾಚಿ, "ನೀಳ್ಳು ತಾಗಮ್ಮಾ," ಎಂದಳು. ನೀರು ಕುಡಿ ಎಂದು. ನಾಲಿಗೆ ಒಣಗಿತ್ತು, ಆದರೂ ಕುಡಿಯಲು ಮನಸ್ಸಾಗಲಿಲ್ಲ. ನಾನು ಈ ಮನೆಗೆ ಬಂದ ಮೇಲೆ ತೀರಿಹೋದ ಅತ್ತೆಯವರನ್ನು ಮಣ್ಣು ಮಾಡಿದ್ದು ಕಣ್ಣಮುಂದೆ ಬರುತ್ತಿತ್ತು. ಅವರ ಲಿಂಗವನ್ನು ಅವರ ಅಂಗೈಯಲ್ಲೇ ಇಟ್ಟು ಬೆರಳು ಮಡಚಿದ್ದರು. ಆ ಬಾಗಿಲು ತೆರೆದು ಡಾಕ್ಟರು ತಲೆ ತಗ್ಗಿಸಿದರೆ, ಇದನ್ನು ಮಾವನವರ ತಣ್ಣನೆಯ ಕೈಯಲ್ಲಿ ಇಡಬೇಕಾದವಳು ನಾನೇ. ಯಾವ ದೇವರನ್ನು ಬೇಡಿಕೊಳ್ಳಬೇಕು ಎಂದೂ ತಿಳಿಯದೆ ಕೈಯಲ್ಲಿದ್ದವನನ್ನೇ ಬೇಡಿಕೊಂಡೆ.

ಬಾಗಿಲು ತೆರೆಯಿತು. ಡಾಕ್ಟರ ಮುಖ ಸಡಿಲಾಗಿತ್ತು. ಮಾವನವರಿಗೆ ಎಚ್ಚರವಾದಾಗ ಅವರ ಕೈ ಎದೆಯ ಮೇಲೆ ಹುಡುಕಾಡಿತು. ಕರಡಿಗೆಯನ್ನು ಅಂಗೈಯಲ್ಲಿಟ್ಟೆ. ಅವರು ಮುಷ್ಟಿ ಬಿಗಿದು ಮತ್ತೆ ಕಣ್ಣು ಮುಚ್ಚಿದರು. ಆಗ ನಾನು ಅತ್ತುಬಿಟ್ಟೆ.

ಮನೆಗೆ ಬಂದು ಅವರು ಎದ್ದು ಕೂರುವಂತಾದ ಮೇಲೆ ಮಾವನವರ ಊರ ಕಡೆಯ ಅಯ್ಯನವರೊಬ್ಬರು ನೋಡಲು ಬಂದರು.

"ಆಸ್ಪತ್ರ್ಯಾಗ ಲಿಂಗ ಯಾರ ಕೈಯಾಗ ಇತ್ತು?"

"ನಮ್ಮ ಮನ್ಯಾಕಿ ಕೈಯಾಗ ಇತ್ರಿ," ಎಂದರು ಮಾವನವರು. ನನ್ನನ್ನು ಮನೆಯವಳು ಎಂದದ್ದನ್ನು ಅಡುಗೆಮನೆಯಿಂದ ಕೇಳಿಸಿಕೊಂಡು ಉಬ್ಬಿಹೋದೆ.

"ಆಕಿಗೆ ದೀಕ್ಷಾ ಆಗೇತೇನು?"

"ಇಲ್ರಿ."

"ಹಂಗಾದ್ರ ಶುದ್ಧಿ ಮಾಡಬೇಕಾಗ್ತೈತಿ."

ಮಾವನವರು ಬೇಡ ಎನ್ನುತ್ತಾರೆ ಎಂದು ಕಾದೆ. "ಮಾಡ್ರಿ," ಎಂದರು. ನನ್ನ ಮೈ ಉರಿಯಿತು. ಜೀವದ ಹಾಗೆ ಹಿಡಿದು ಕೂತಿದ್ದೆನಲ್ಲ, ಅದೆಲ್ಲ ಮೈಲಿಗೆಯೇ? ಅಷ್ಟರಲ್ಲಿ ಮಾವನವರು ಪೂಜೆಯ ಕೋಣೆಯಿಂದ ಕರೆದರು.

"ಯವ್ವಾ, ಪೂಜಿಗೆ ನೀರು ತಗೊಂಡು ಬಾ."

ಪೂಜೆಯ ನೀರನ್ನು ಅವರು ಯಾವತ್ತೂ ತಾವೇ ತುಂಬಿಕೊಳ್ಳುತ್ತಿದ್ದರು. ಅಯ್ಯನವರು ಹುಬ್ಬೇರಿಸಿದರು. ಮಾವನವರು ಅವರತ್ತ ನೋಡಲೇ ಇಲ್ಲ. ನಾನು ತಂಬಿಗೆ ತುಂಬಿ ಒಳಗೆ ಹೋಗಿ ಇಟ್ಟೆ. ಮಾವನವರು ಆ ನೀರಿನಿಂದಲೇ ಲಿಂಗವನ್ನು ತೊಳೆದರು.

ಸಂಜೆ ಗದಗಿನಿಂದ ಅವ್ವ ಫೋನ್ ಮಾಡಿದಳು. ಎಲ್ಲ ಹೇಳಿದೆ.

"ಅಂದ್ರ ನಿನ್ನ ಪೂಜಿ ಖೋಲಿಗೆ ಕರದ್ರಲ್ಲವಾ! ಮತ್ಯಾಕ ಅಳಾಕತ್ತೀ?"

ಕರೆದದ್ದು ನನ್ನನ್ನೇ, ಲಿಂಗದ ಮೇಲಿಂದ ತೊಳೆದದ್ದೂ ನನ್ನನ್ನೇ ಎಂದು ಅಷ್ಟು ದೂರದಲ್ಲಿರುವ ಅವಳಿಗೆ ಹೇಗೆ ಹೇಳಲಿ?