ಕರಡಿ ಹೊತ್ತು ಕೊಲ್ಲಾಪುರಕ್ಕೆ

ದೀಪಾವಳಿ ಇನ್ನೂ ಮೂರು ದಿನ ಇರುವಾಗ ನಾವು ಗಡಹಿಂಗ್ಲಜ ಬಿಟ್ಟೆವು. ನಾವು ಎಂದರೆ ಮೂವರು ಮನುಷ್ಯರು ಮತ್ತು ಒಂದು ಕರಡಿ. ದೂರದ ಓದುಗರು ಗಾಬರಿಯಾಗಬಾರದು. ಇದು ಸೊಂಟಕ್ಕೆ ಬಿಗಿದು, ಹೊಟ್ಟೆಗೆ ಆನಿಸಿಕೊಂಡು ಬಾರಿಸುವ ಎರಡು ಮುಖದ ಚರ್ಮವಾದ್ಯ. ಗುರುಗುಟ್ಟುವ ಸ್ವಭಾವ ನೋಡಿ ಹಿರಿಯರು ಆ ಹೆಸರಿಟ್ಟಿದ್ದಾರೆ. ನಮ್ಮ ಮೇಳದಲ್ಲಿ ಸನಾದಿ ಊದುವವನು ಮಲಗೊಂಡ. ವಯಸ್ಸಿನಿಂದಲೂ ಬಾಯಿಯಿಂದಲೂ ಹಿರಿಯ, ಎಡಗಲ್ಲದಲ್ಲಿ ಸದಾ ತಂಬಾಕು, ಊರಿಗೆಲ್ಲ ಮಾಮಾ. ಕರಡಿ ಬಾರಿಸುವವನು ತಮ್ಮಣ್ಣ. ತಾಳ ಹಾಕುವವನು ನಾನು. ಕಿರಾಣಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಎರಡು ಕಂಚಿನ ಬಟ್ಟಲುಗಳನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಕಲಾಸೇವೆಗೆ ಹೊರಟಿದ್ದೆ.

ಕೊಲ್ಲಾಪುರದ ಬೆಲ್ಲದ ಪೇಟೆಯಲ್ಲಿ ಪಾಡ್ಯದ ದಿನ ಹೊಸ ಬೆಲ್ಲದ ಹರಾಜು ಶುರುವಾಗುತ್ತದೆ. ಅಂದು ಅಲ್ಲಿನ ಒಬ್ಬ ಸಾಹುಕಾರ ಕರಡಿ ಮೇಳಗಳ ಪಂದ್ಯ ಇಡುತ್ತಿದ್ದ. ಗೆದ್ದ ಮೇಳಕ್ಕೆ ಒಂದು ಬೆಳ್ಳಿ ಕಡಗ. ಏಳು ಜನರ ಮೇಳ ಒಂದು ಕಡಗವನ್ನು ಹೇಗೆ ತೊಡಬೇಕು ಎಂಬುದನ್ನು ಯಾವ ಸಾಹುಕಾರನೂ ಯೋಚಿಸಿದಂತಿಲ್ಲ. ಹೊಸ ಚರ್ಮ, ಒಂದೇ ಬಣ್ಣದ ರುಮಾಲು, ಮೋಟಾರಿನ ಚಾರ್ಜು, ಛತ್ರದ ಊಟ ಎಲ್ಲ ಸೇರಿದರೆ ಅಂಥ ಕಡಗವನ್ನು ಅಕ್ಕಸಾಲಿಯ ಹತ್ತಿರವೇ ಮಾಡಿಸಬಹುದಿತ್ತು. ಈ ವಿಚಾರವನ್ನು ನಾನು ಒಮ್ಮೆ ಮಾಮಾನ ಮುಂದೆ ಎತ್ತಿದ್ದೆ. "ಅಂಗಡ್ಯಾಗ ಕುಂತು ಕುಂತು ನಿನ್ನ ತಲಿ ತಕ್ಕಡಿ ಆಗೈತಿ, ಜಿನ್ನಪ್ಪಾ" ಎಂದು ಆತ ತೀರ್ಪು ಕೊಟ್ಟ.

ಆದರೆ ನಾವು ನಾಲ್ಕು ವರ್ಷದಿಂದ ಗೆದ್ದಿರಲಿಲ್ಲ. ಕಾರಣ ಭರಮಪ್ಪ. ಮಾಮಾ ಸಣ್ಣಂದಿನಿಂದ ಎದುರಿಗೆ ಕೂಡಿಸಿಕೊಂಡು ಕಲಿಸಿದ ಶಿಷ್ಯ ಅವನು. ಅವನು ಬಾರಿಸುತ್ತಿದ್ದಾಗ ಮಾಮಾನ ಸನಾದಿ ತಾನಾಗಿ ಏರುತ್ತಿತ್ತು. ಮೇಳಕ್ಕೆ ಬಾರಿಸಲು ಸಿಗುವ ಸುಪಾರಿಯ ದುಡ್ಡಿನಿಂದ ಹೊಟ್ಟೆ ತುಂಬದೆ ಅವನು ಇಚಲಕರಂಜಿಯ ವಿದ್ಯುತ್ ಮಗ್ಗಕ್ಕೆ ಹೋದ. ಅಂದಿನಿಂದ ತಮ್ಮಣ್ಣ ಬಾರಿಸುತ್ತಿದ್ದ. ತಾನು ಭರಮಪ್ಪನಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಮಾಮಾ ದಿನಕ್ಕೊಮ್ಮೆ ತಿಳಿಸುತ್ತಿದ್ದ. ಈ ಸಲ ಏನಾದರಾಗಲಿ, ಭರಮಪ್ಪನನ್ನು ಕರೆದುಕೊಂಡೇ ಕೊಲ್ಲಾಪುರಕ್ಕೆ ಹೋಗಬೇಕು ಎಂದು ಮಾಮಾ ಹಟ ಹಿಡಿದ. ಮೇಳದ ಉಳಿದವರು ನೇರವಾಗಿ ಬರುವುದೆಂದೂ ನಾವು ಮೂವರು ಇಚಲಕರಂಜಿಯ ಮೇಲಿಂದ ಹೋಗುವುದೆಂದೂ ಠರಾವಾಯಿತು.

ಯುದ್ಧದ ಕಾಲ. ಪೆಟ್ರೋಲು ಇಲ್ಲದೆ ಮೋಟಾರುಗಳು ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿದ್ದವು. ಓಡುತ್ತಿದ್ದವು ಎಂಬುದು ದೊಡ್ಡ ಮಾತು. ಸಂಕೇಶ್ವರದವರೆಗಿನ ಒಂಬತ್ತು ಮೈಲಿಯಲ್ಲಿ ಎರಡು ಕಡೆ ಇಳಿದು ನೂಕಿದೆವು. ನೂಕಿದ್ದಕ್ಕೆ ಚಾರ್ಜಿನಲ್ಲಿ ಏನಾದರೂ ಬಿಡುವಿರಾ ಎಂದು ಕಂಡಕ್ಟರನನ್ನು ಕೇಳಿದೆ. "ಕುಂತವರಿಗೆ ಜಾಸ್ತಿ ತಗೋಬೇಕಾಗಿತ್ತರಿ, ನಿಮಗ ಬರೋಬ್ಬರಿ ತಗೊಂಡೇನಿ" ಎಂದ. ನಿಪ್ಪಾಣಿಯಲ್ಲಿ ಅವಲಕ್ಕಿ, ಚಹಾ. ಅಲ್ಲಿಂದ ತಂಬಾಕಿನ ಬೋರೆಗಳ ನಡುವೆ ಬಾಡಿಗೆ ಚಕ್ಕಡಿ. ದೂಧಗಂಗೆಯನ್ನು ಚಕ್ಕಡಿಯಲ್ಲೇ ದಾಟುವಾಗ ನೀರು ಎತ್ತಿನ ಹೊಟ್ಟೆಗೆ ಬಂತು. ತಮ್ಮಣ್ಣ ಎದ್ದು ನಿಂತು ಕರಡಿಯನ್ನು ತಲೆಯ ಮೇಲಿಟ್ಟುಕೊಂಡ. "ನೀ ತೊಯ್ದರ ಒಣಗತೀ, ಅದರ ಕಡೆ ನೋಡು" ಎಂದು ಮಾಮಾ ಆಶೀರ್ವದಿಸಿದ.

ಇಚಲಕರಂಜಿ ಕಾಣುವುದಕ್ಕೆ ಮುಂಚೆ ಕೇಳುತ್ತದೆ. ಬೀದಿ ಬೀದಿಯಲ್ಲಿ ತಗಡಿನ ಶೆಡ್ಡು, ಶೆಡ್ಡಿನಲ್ಲಿ ಮಗ್ಗಗಳ ಖಟ್‌ಖಟ್. ಭರಮಪ್ಪ ಕೆಲಸ ಮಾಡುತ್ತಿದ್ದ ಶೆಡ್ಡಿನೊಳಗೆ ಕಾಲಿಟ್ಟಾಗ ನನ್ನ ಹಲ್ಲುಗಳು ತಮ್ಮಷ್ಟಕ್ಕೆ ತಾವೇ ತಾಳ ಹಾಕತೊಡಗಿದವು. ಮಾಮಾ ಬಾಗಿಲಲ್ಲೇ ನಿಂತು ಏನೋ ಕೂಗಿದ. ಪಕ್ಕದಲ್ಲಿದ್ದ ನನಗೆ ಒಂದಕ್ಷರ ಕೇಳಲಿಲ್ಲ. ಆಚೆ ತುದಿಯಲ್ಲಿ ಎರಡು ಮಗ್ಗಗಳ ನಡುವೆ ನಿಂತಿದ್ದ ಭರಮಪ್ಪ ಮಾತ್ರ ತಲೆಯೆತ್ತಿ ನೋಡಿ, ನಕ್ಕು, ಹೌದು ಎಂದು ಕೈಯೆತ್ತಿದ. ಹೊರಗೆ ಬಂದ ಮೇಲೆ ಮಾಮಾನ ಹಿಗ್ಗು ಹೇಳತೀರದು. "ನೋಡಿದ್ಯಾ ಜಿನ್ನಪ್ಪಾ? ಇಷ್ಟ ಗದ್ದಲದಾಗ 'ಪಂದ್ಯಕ್ಕ ಬರತೀಯೇನೋ' ಅಂದದ್ದು ಕೇಳಸ್ತು ಅವಗ. ಅದಕ್ಕ ಅಂತಾರ ಕಿವಿ! ನಿನಗ ಕೇಳಸ್ತೇನು?" ಇಲ್ಲವೆಂದು ಒಪ್ಪಿಕೊಂಡೆ. ತಮ್ಮಣ್ಣನೂ ಒಪ್ಪಿಕೊಂಡ. ಕಿವಿಯಿಲ್ಲದ ನಮ್ಮಿಬ್ಬರನ್ನು ಕಟ್ಟಿಕೊಂಡು ನಾಲ್ಕು ವರ್ಷ ಕಳೆದ ತನ್ನ ತಾಳ್ಮೆಯನ್ನು ಮಾಮಾ ತಾನೇ ಹೊಗಳಿಕೊಂಡ.

ಭರಮಪ್ಪನ ಮನೆಯಲ್ಲಿ ಝುಣಕ, ಜೋಳದ ರೊಟ್ಟಿ, ಹಸಿ ಉಳ್ಳಾಗಡ್ಡಿ. ಅವನು ಮಾಲಕನ ಹತ್ತಿರ ರಜೆ ಕೇಳಲು ಹೋಗಿದ್ದ. ಬಡಿಸುತ್ತಿದ್ದ ಅವನ ಹೆಂಡತಿ ಗಂಗವ್ವ ಮಾಮಾನಿಗೆ ಹೇಳಿದಳು: "ಮಗ್ಗ ಬಿಟ್ಟು ಬರಾಕತ್ತಾರ. ತಿರಗಿ ಬಂದಾಗ ಸಾವಕಾರ ಮತ್ತೊಬ್ಬಗ ಕೊಟ್ಟಿದ್ರ ನಮ್ಮ ಗತಿ ಏನ್ರಿ?"

"ಹಂಗಾರ ಬ್ಯಾಡಂತೀಯೇನವಾ?"

"ಬ್ಯಾಡ ಹೆಂಗ ಅನ್ನಲಿ ಮಾಮಾರ? ರಾತ್ರಿ ನಿದ್ದ್ಯಾಗ ನನ್ನ ಬೆನ್ನ ಮ್ಯಾಲ ಬಾರಸ್ತಾರ. ಒಮ್ಮೆ ಕರಕೊಂಡ ಹೋಗಿ ಕರಡೀನ ಬಾರಸೂ ಹಂಗ ಮಾಡ್ರಿ, ನನಗರ ನಿದ್ದಿ ಬರಲಿ." ಸ್ವಲ್ಪ ತಡೆದು, ಇನ್ನೊಂದು ರೊಟ್ಟಿ ಹಾಕುತ್ತ, "ಏನರ ಹೇಳೂದಿದ್ರ ಅವರ ಮಾರಿ ಮುಂದ ನಿಂತು ಹೇಳ್ರಿ. ಹಿಂದಿಂದ ಮಾತಾಡಬ್ಯಾಡ್ರಿ" ಎಂದಳು. ನೇಕಾರರ ಊರಿನಲ್ಲಿ ಗಂಡಸರಿಗೆ ಸಲ್ಲುವ ಮರ್ಯಾದೆ ಇದೇ ಇರಬೇಕು ಎಂದು ನಾವು ತಿಳಿದೆವು.

ಮರುದಿನ ಟಾಂಗಾದಲ್ಲಿ ಹಾತಕಣಂಗಲೆಗೆ ಹೋಗಿ ರೈಲು ಹಿಡಿದೆವು. ಭರಮಪ್ಪ ಕಿಟಕಿಯ ಹತ್ತಿರ ಕುಳಿತು ಕರಡಿಯನ್ನು ತೊಡೆಯ ಮೇಲಿಟ್ಟುಕೊಂಡ. ರುಕಡಿ ದಾಟುವವರೆಗೂ ಅದನ್ನು ಬಾರಿಸಲಿಲ್ಲ. ಸುಮ್ಮನೆ ಹಗ್ಗಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದ. ಹೊರಗೆ ಕಬ್ಬಿನ ಗದ್ದೆಗಳು, ಗಾಣದ ಮನೆಗಳ ಹೊಗೆ. ಹಿಂದಿನ ಬಾಕಿನಿಂದ ಮಾಮಾ ಅವನನ್ನು ಎರಡು ಸಲ ಕರೆದ. ಉತ್ತರವಿಲ್ಲ. ಮೂರನೆಯ ಸಲಕ್ಕೆ ಮಾಮಾನ ಮುಖ ಕೆಂಪಾಯಿತು. "ಪಗಾರ ತಿನ್ನಾಂವಗ ನಮ್ಮ ಮಾತು ಯಾಕ ಕೇಳಸ್ತೈತಿ!"

"ನಿದ್ದಿ ಹತ್ತಿರಬೇಕು ಬಿಡ್ರಿ ಮಾಮಾ" ಎಂದ ತಮ್ಮಣ್ಣ.

"ಕಣ್ಣ ತಕ್ಕೊಂಡು ನಿದ್ದಿ ಮಾಡ್ತಾನೇನೋ? ಸುಳ್ಳ ಹೇಳೂದು ಬರದಿದ್ರ ಕರಡಿ ಬಾರಸೂದನ್ನರ ಕಲಿ." ಕೊಲ್ಲಾಪುರ ಸ್ಟೇಷನ್ ಬರುವವರೆಗೆ ಮಾಮಾ ಮಾತು ಬಿಟ್ಟ. ಆತನ ಬದುಕಿನಲ್ಲಿ ಇದೊಂದು ದಾಖಲೆ.

ಛತ್ರದಲ್ಲಿ ಮೇಳದ ಉಳಿದವರು ಸಿಕ್ಕರು. ಸಂಜೆ ಅಂಗಳದಲ್ಲಿ ಎಲ್ಲರೂ ದುಂಡಗೆ ನಿಂತು ಬಾರಿಸಿದೆವು. ಭರಮಪ್ಪ ಕರಡಿಯನ್ನು ಸೊಂಟಕ್ಕೆ ಬಿಗಿದುಕೊಂಡು ಮಾಮಾನ ಎದುರಿಗೆ ನಿಂತ. ಆತನ ಗಲ್ಲ, ಬೆರಳು ಬಿಟ್ಟು ಬೇರೆಡೆ ನೋಡಲಿಲ್ಲ. ಮೊದಲ ಪೆಟ್ಟು ಬಿತ್ತು. ಛತ್ರದ ಅಡಿಗೆಯವನು ಸೌಟು ಹಿಡಿದುಕೊಂಡೇ ಹೊರಗೆ ಬಂದ. ನಾಲ್ಕು ವರ್ಷ ನಮ್ಮ ಮೇಳದಲ್ಲಿ ಏನಿರಲಿಲ್ಲವೋ ಅದು ತಿರುಗಿ ಬಂದಿತ್ತು. ತಮ್ಮಣ್ಣ ಗೋಡೆಗೆ ಒರಗಿ ಕೇಳುತ್ತಿದ್ದ. ಅವನ ಮುಖದಲ್ಲಿ ಹೊಟ್ಟೆಕಿಚ್ಚು ಹುಡುಕಿದೆ, ಸಿಗಲಿಲ್ಲ. ಮಾಮಾ ಸನಾದಿ ಇಳಿಸಿ, ಕಣ್ಣು ಒರೆಸಿಕೊಂಡು, ಅಡಿಗೆಮನೆಯ ಹೊಗೆಯನ್ನು ಬೈದ.

ಪಾಡ್ಯದ ಬೆಳಿಗ್ಗೆ ಪೇಟೆಯಲ್ಲಿ ಬೆಲ್ಲದ ಪೆಂಟಿಗಳು ಸಾಲಾಗಿ ಕೂತಿದ್ದವು, ಅವುಗಳ ಹಿಂದೆ ವ್ಯಾಪಾರಿಗಳು. ಹರಾಜು ಮುಗಿದ ಮೇಲೆ ಪಂದ್ಯ. ಮೂವರು ಪಂಚರು ಕೆಂಪು ರುಮಾಲಿನಲ್ಲಿ ಬಂದು ಗಾದಿಯ ಮೇಲೆ ಕುಳಿತು, ರಾಜ್ಯ ಹಂಚುವವರ ಗಾಂಭೀರ್ಯದಿಂದ ನೇಮ ಸಾರಿದರು. ಒಬ್ಬನ ಕರಡಿ ಸವಾಲು ಹಾಕಬೇಕು, ಇನ್ನೊಬ್ಬನ ಕರಡಿ ಜವಾಬಾಗಿ ಅದನ್ನೇ ಬಾರಿಸಿ ಮೇಲೆ ತನ್ನದೊಂದು ಸೇರಿಸಬೇಕು. ಜವಾಬು ನಡೆದಾಗ ಮೇಳದ ಬೇರೆಯವರು ಬಾಯಿಂದಾಗಲಿ ಕೈಯಿಂದಾಗಲಿ ಹೇಳಿಕೊಡಕೂಡದು. ಹೇಳಿಕೊಟ್ಟರೆ ಪಂದ್ಯ ಸೋತಂತೆ.

ಕೊನೆಗೆ ಉಳಿದದ್ದು ನಾವು ಮತ್ತು ಕೃಷ್ಣೆಯ ದಂಡೆಯಿಂದ ಬಂದ ಒಂದು ಮೇಳ. ಅವರ ಕರಡಿಯವನು ಒಳ್ಳೆಯ ಎತ್ತರದ ಆಳು. ಅವನು ಕೇಳಿದ್ದಕ್ಕೆಲ್ಲ ಭರಮಪ್ಪ, ಅವನ ಕೈಗಳ ಮೇಲೆ ದೃಷ್ಟಿ ನೆಟ್ಟು, ಬಡ್ಡಿ ಸಮೇತ ತೀರಿಸುತ್ತಿದ್ದ. ಜನ ರುಮಾಲು ಬೀಸಿದರು. ಕಡಗ ನಮ್ಮದಾಯಿತೆಂದು ನಾನು ಅದರ ತೂಕವನ್ನೂ ಮನಸ್ಸಿನಲ್ಲೇ ಮಾಡಿಬಿಟ್ಟೆ. ಆಗ ಸಾಹುಕಾರನ ಮನೆಯವರು ಮಾಳಿಗೆಯ ಸಜ್ಜೆಗೆ ಬಂದು ನಿಂತರು. ಎತ್ತರದ ಆಳು ಮರ್ಯಾದೆಗೆಂದು ಅವರ ಕಡೆ ತಿರುಗಿ, ನಮಗೆ ಬೆನ್ನು ಹಾಕಿ, ಉದ್ದನೆಯದೊಂದು ಸವಾಲು ಬಾರಿಸಿ ಮುಗಿಸಿದ.

ಭರಮಪ್ಪ ನಗುತ್ತ ನಿಂತೇ ಇದ್ದ. ಸವಾಲು ಮುಗಿದದ್ದು ಅವನಿಗೆ ಗೊತ್ತಾಗಿರಲಿಲ್ಲ.

"ಜವಾಬ ದ್ಯಾ!" ಎಂದು ಪಂಚರು ಮರಾಠಿಯಲ್ಲಿ ಜವಾಬು ಕೇಳಿದರು. ಅವನು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣಾಡಿಸಿದ. ನಗು ಇನ್ನೂ ತುಟಿಯ ಮೇಲಿತ್ತು, ಕಣ್ಣಿನಲ್ಲಿ ಇರಲಿಲ್ಲ. ಯಾರೋ ಕಿಸಕ್ಕೆಂದರು. ಮಾಮಾ ಅವನ ಹಿಂದಿನಿಂದ ಮೆಲ್ಲಗೆ "ಭರಮಾ" ಎಂದ. ಅವನು ತಿರುಗಲಿಲ್ಲ. ಮಾಮಾನ ಮುಖದಿಂದ ಬಣ್ಣ ಇಳಿದದ್ದನ್ನು ನಾನು ನೋಡಿದೆ. ಗಂಗವ್ವ ಹೇಳಿದ ಮರ್ಯಾದೆ ಏನೆಂದು ನನಗೂ ಆಗ ತಿಳಿಯಿತು. ಮಗ್ಗಗಳು ಅವನ ಕಿವಿಯನ್ನು ತಿಂದಿದ್ದವು. ಶೆಡ್ಡಿನಲ್ಲಿ ಅವನು ಕೇಳಿರಲಿಲ್ಲ, ಮಾಮಾನ ತುಟಿ ಓದಿದ್ದ.

ಮಾಮಾ ಸನಾದಿಯನ್ನು ನನ್ನ ಕೈಗೆ ಕೊಟ್ಟ. ನಡೆದು ಹೋಗಿ, ಪಂಚರೂ ಪೇಟೆಯೂ ನೋಡುತ್ತಿದ್ದಂತೆ, ಭರಮಪ್ಪನ ಮುಖದ ಮುಂದೆ ನಿಂತು, ಆ ಸವಾಲಿನ ಪೆಟ್ಟು ಪೆಟ್ಟಿನ ಬೋಲುಗಳನ್ನು ಒಂದೊಂದಾಗಿ ಬಾಯಿ ತೆರೆದು ಹೇಳಿದ. ಭರಮಪ್ಪ ಬಾರಿಸಿದ. ಕೇಳಿದ್ದನ್ನು ಬಾರಿಸಿ, ಅದರ ಮೇಲೆ ತನ್ನದನ್ನು ಏರಿಸಿ, ಇಳಿಸಿ, ಮತ್ತೆ ಏರಿಸಿದ. ಎತ್ತರದ ಆಳು ತನ್ನ ಕರಡಿಯನ್ನು ಬಿಚ್ಚಿ ನೆಲಕ್ಕಿಟ್ಟು ಕೇಳುತ್ತ ನಿಂತ.

ಮುಗಿದ ಮೇಲೆ ಹಿರಿಯ ಪಂಚ, "ಮಾಮಾ, ನೇಮ ಗೊತ್ತಿತ್ತಲ್ಲ?" ಎಂದ.

"ಗೊತ್ತಿತ್ತರಿ."

ಕಡಗ ಕೃಷ್ಣೆಯ ದಂಡೆಯ ಮೇಳಕ್ಕೆ ಹೋಯಿತು. ನಮಗೆ ಒಂದು ತೆಂಗಿನಕಾಯಿ, ಒಂದು ಪೆಂಟಿ ಬೆಲ್ಲ.

ಪೇಟೆಯ ಕಟ್ಟೆಯ ಮೇಲೆ ಕೂತಾಗ ಮಾಮಾ ಅವನ ಎದುರಿಗೇ ಕೂತ. "ಯಾವಾಗಿಂದಲೇ?"

"ಹೋದ ವರ್ಷದಿಂದರಿ. ಮೊದಲ ಸನಾದಿ ಹೋತು. ಆಮ್ಯಾಲ ಮಂದಿ ಮಾತು. ಕರಡಿ ಹೊಟ್ಟಿಗೆ ಹತ್ತತೈತಿ, ಅದೊಂದು ಉಳದೈತಿ."

"ಹೇಳಾಕ ಏನಾಗಿತ್ತು?"

"ಹೇಳಿದ್ರ ಕರಕೊಂಡ ಬರತಿದ್ರ್ಯಾ?"

ಭರಮಪ್ಪನೇ ಮುಂದುವರಿದ. "ಒಂದು ಪೆಟ್ಟು ತಪ್ಪೇನ್ರಿ ನಾ. ನಡುವ ನೀವು ಅಂದದ್ದು ತಿಳೀಲಿಲ್ಲ. ನಿಮ್ಮ ಬಾಯಾಗ ತಂಬಾಕ ಇತ್ತು ನೋಡ್ರಿ."

"ಎಂದ ಇರೂದಿಲ್ಲ ಅದು!" ಎಂದು ನಾನು ಅಂದೆ. ಯಾರೂ ನಗಲಿಲ್ಲ, ಭರಮಪ್ಪ ನನ್ನ ಕಡೆ ನೋಡುತ್ತಿರಲಿಲ್ಲ.

ಮರುದಿನ ಸ್ಟೇಷನ್ನಿಗೆ ಅವನನ್ನು ಕಳಿಸಲು ಹೋದೆವು. ತೆಂಗಿನಕಾಯಿಯನ್ನು ಗಂಗವ್ವನಿಗೆಂದು ಅವನ ಕೈಗೆ ಕೊಟ್ಟೆವು. ಕರಡಿಯನ್ನು ತಮ್ಮಣ್ಣನಿಗೆ ಒಪ್ಪಿಸುವಾಗ ಭರಮಪ್ಪ ಅದರ ಚರ್ಮದ ಮೇಲೆ ಅಂಗೈ ಇಟ್ಟು, "ಬಾರಸು" ಎಂದ. ತಮ್ಮಣ್ಣ ಇನ್ನೊಂದು ಮುಖವನ್ನು ಮೆಲ್ಲಗೆ ಬಾರಿಸಿದ. ರೈಲು ಸೀಟಿ ಹಾಕುವವರೆಗೆ ಭರಮಪ್ಪ ಕೈ ತೆಗೆಯಲಿಲ್ಲ. ಸೀಟಿಯೂ ಅವನಿಗೆ ಕೇಳಲಿಲ್ಲ. ಮಾಮಾ ಭುಜ ಮುಟ್ಟಿ ತೋರಿಸಬೇಕಾಯಿತು.

"ಮುಂದಿನ ಪಾಡ್ಯಕ್ಕ?" ಎಂದು ಮಾಮಾ ಎದುರಿಗೆ ನಿಂತು ಕೇಳಿದ.

"ಮಗ್ಗ ಇದ್ರ ಸಾವಕಾರನ್ನ ಕೇಳಿ ಬರತೇನಿ. ಇರದಿದ್ರ ಕೇಳದನ ಬರತೇನಿ."

ನಾವು ಕಾಗಲ್ ದಾರಿಯ ಮೋಟಾರು ಹತ್ತಿದೆವು. ನಿಪ್ಪಾಣಿಯಲ್ಲಿ ಇದ್ದಿಲು ತುಂಬಲು ನಿಂತಾಗ ಮಾಮಾನ ಗುರುತಿನ ಅಂಗಡಿಯವನು ಹೊಸ ತಂಬಾಕಿನ ಪುಡಿಕೆ ಹಿಡಿದುಕೊಂಡು ಬಂದ. ಮಾಮಾ ಅದನ್ನು ಮೂಸಿದ, ದೀರ್ಘವಾಗಿ ಮೂಸಿದ, ತಿರುಗಿ ಅವನ ಕೈಯಲ್ಲಿಟ್ಟ. ಬಾಯಲ್ಲಿದ್ದದ್ದನ್ನು ಉಗುಳಿ, ನೀರು ಮುಕ್ಕಳಿಸಿ ಬಂದು ಕೂತ. ಅಂಗಡಿಯವನು, "ಯಾಕ್ರಿ ಮಾಮಾ, ಆರಾಮ ಇಲ್ಲೇನ್ರಿ?" ಎಂದ.

"ಆರಾಮ ಅದೇನಿ. ಬಾಯಿಗೆ ಬ್ಯಾರೆ ಕೆಲಸ ಹತ್ತೈತಿ."

ಮೋಟಾರು ಹೊರಟಿತು. ಮಾಮಾ ತಮ್ಮಣ್ಣನನ್ನು ಎದುರಿನ ಬಾಕಿನ ಮೇಲೆ ಕೂಡಿಸಿ, "ನಿನಗ ತಿಳದ್ರ ಭರಮಾಗೂ ತಿಳೀತೈತಿ" ಎಂದು ಎರಡು ಕಿವಿಗೂ ಅರಳೆ ತುರುಕಿಸಿದ. ಆಮೇಲೆ ಧ್ವನಿ ತೆಗೆಯದೆ, ತುಟಿಯಲ್ಲಷ್ಟೇ ಬೋಲು ಹೇಳತೊಡಗಿದ. ತಮ್ಮಣ್ಣ ಮಂಡಿಯ ಮೇಲೆ ಬಾರಿಸುವುದು, ತಪ್ಪುವುದು. ಮಾಮಾ ಬೈಯದೆ ಮತ್ತೆ ನಿಧಾನವಾಗಿ ಹೇಳುವುದು. ಪಕ್ಕದ ಮುದುಕಿ ನನ್ನನ್ನು ತಿವಿದು, "ಅಜ್ಜಾರು ಜಪಾ ಮಾಡಾಕತ್ತಾರೇನ್ರಿ?" ಎಂದು ಕೇಳಿದಳು. ಹೌದೆಂದೆ. ಸಂಕೇಶ್ವರ ಹಿಂದಾಯಿತು, ಹೊತ್ತು ಇಳಿಯಿತು. ಮಾಮಾನ ನಾಲಿಗೆ ಆಗಾಗ ಎಡಗಲ್ಲದ ಖಾಲಿ ಜಾಗವನ್ನು ಹುಡುಕಿಕೊಂಡು ಹೋಗುತ್ತಿತ್ತು. ಅಲ್ಲಿ ಏನೂ ಸಿಗದೆ ತಿರುಗಿ ಬಂದು, ಮತ್ತೆ ಮೊದಲ ಬೋಲಿಗೆ ನಿಲ್ಲುತ್ತಿತ್ತು.