ರೋಸೆಲ್ಲಾಳ ಎರಡು ರೇಡಿಯೋಗಳು

ನಮ್ಮೂರು ಸೇಂಟ್ ಗಾಲ್‌ನಲ್ಲಿ ರೋಸೆಲ್ಲಾ ಥೀಲೆನ್‌ಳ ಕೈಯಡುಗೆ ಉಣ್ಣದೆ ದೊಡ್ಡವರಾದವರು ಕಡಿಮೆ. ಶಾಲೆಯ ಅಡುಗೆಮನೆಯಲ್ಲಿ ಅರ್ಧ ಆಯುಷ್ಯ ಕಳೆದವಳು ಅವಳು. ದಪ್ಪ ಮೈ, ಸಣ್ಣ ದನಿ. ತಟ್ಟೆಗೆ ಆಲೂಗಡ್ಡೆ ಬಡಿಸುವಾಗ ಮಗುವಿನ ಮುಖ ನೋಡಿ ಒಂದು ಸೌಟು ಹೆಚ್ಚೋ ಕಡಿಮೆಯೋ ತಾನೇ ತೀರ್ಮಾನಿಸುತ್ತಿದ್ದಳು. ನಾನು ಅವಳ ಪಕ್ಕದ ಮನೆಯವಳು, ಅರ್ಲೀನ್. ಊರಿನ ಬೆಣ್ಣೆ ಕಾರ್ಖಾನೆಯಲ್ಲಿ ದುಡಿದು ನಿವೃತ್ತಳಾದೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಲೈಲಾಕ್ ಹೂಗಿಡಗಳ ಬೇಲಿ ಮಾತ್ರ.

ಅವಳ ಗಂಡ ಲಿಯಾಂಡರ್‌ನನ್ನು ಸುತ್ತಲಿನ ಊರುಗಳಲ್ಲಿ ಮುಖ ನೋಡಿ ಗುರುತಿಸುವವರು ಕಡಿಮೆ, ದನಿ ಕೇಳಿ ಗುರುತಿಸದವರಿಲ್ಲ. ಊರಾಚೆ ನಾರ್ಬರ್ಟ್ ಕಾಪ್‌ನ ಸಣ್ಣ ರೇಡಿಯೋ ನಿಲಯವಿತ್ತು. ಜಾಹೀರಾತಿನ ಮೇಲೆ ನಡೆಯುವ ಖಾಸಗಿ ನಿಲಯ. ಅಲ್ಲಿ ಲಿಯಾಂಡರ್ ದಿನಾ ಮಧ್ಯಾಹ್ನ ಹಂದಿಯ ಧಾರಣೆ ಓದಿ, ಊರಲ್ಲಿ ಯಾರು ತೀರಿಕೊಂಡರು, ಶವಸಂಸ್ಕಾರ ಎಷ್ಟು ಹೊತ್ತಿಗೆ ಎಂದು ಹೇಳಿ, ಆಮೇಲೆ ಒಂದು ಗಂಟೆ ಪೋಲ್ಕಾ ಎಂಬ ಕುಣಿತದ ಹಾಡುಗಳನ್ನು ಹಾಕುತ್ತಿದ್ದ. ಟೈರ್ ಅಂಗಡಿ, ಸಾಸೇಜ್ ಅಂಗಡಿಯ ಜಾಹೀರಾತನ್ನು ತಾನೇ ತರುತ್ತಿದ್ದ, ತಾನೇ ಓದುತ್ತಿದ್ದ. ಓದುತ್ತ ಓದುತ್ತ ಬಾಯಲ್ಲಿ ನೀರೂರಿ ನುಂಗುವ ಸದ್ದು ನಮಗೂ ಕೇಳುತ್ತಿತ್ತು.

ಇಂಥವನ ಹೆಂಡತಿ ಬೇರೆ ರೇಡಿಯೋ ಕೇಳುತ್ತಿದ್ದಳು. ಒಂದು ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡು ಮಲಗಿದಾಗ ಮುಳ್ಳು ತಿರುಗಿಸುತ್ತ ಅವಳಿಗೆ ನಗರದ ಸಾರ್ವಜನಿಕ ರೇಡಿಯೋ ಸಿಕ್ಕಿತು. ಜಾಹೀರಾತಿಲ್ಲ, ಕೇಳುಗರ ಚಂದಾದಿಂದಲೇ ನಡೆಯುವಂಥದ್ದು. ಅಲ್ಲಿ ಬೆಳಿಗ್ಗೆ ಸುದ್ದಿ ಓದುವ ಒಬ್ಬನ ದನಿ ಅವಳಿಗೆ ಬಹಳ ಹಿಡಿಸಿತು. ಶನಿವಾರ ಇಟಲಿಯ ದೊಡ್ಡ ದೊಡ್ಡ ಗಾಯನ ನಾಟಕಗಳು ಬರುತ್ತಿದ್ದವು. ಒಂದಕ್ಷರ ತಿಳಿಯದಿದ್ದರೂ ಹಿಟ್ಟಿನ ಉಂಡೆ ಬೇಯಿಸುತ್ತ ಕೇಳಿ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಊರಿಗೆಲ್ಲ ನನ್ನ ರೇಡಿಯೋ, ನನ್ನ ಹೆಂಡ್ತಿಗೆ ಮಾತ್ರ ಆ ಪ್ರೊಫೆಸರುಗಳದ್ದು,” ಎಂದು ಲಿಯಾಂಡರ್ ಎಲ್ಲರೆದುರೂ ಅವಳನ್ನು ಕೆಣಕುತ್ತಿದ್ದ.

“ನಿನ್ನನ್ನ ಮನೇಲಿ ಕೇಳೋದು ಸಾಲ್ದಾ?” ಎನ್ನುತ್ತಿದ್ದಳು ಅವಳು.

ನಗರದ ನಿಲಯ ನಮ್ಮೂರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಆಂಟೆನಾ ತುದಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ ಒಂದು ಕೈಯಲ್ಲಿ ಹಿಡಿದುಕೊಂಡರೆ ದನಿ ಬರುತ್ತಿತ್ತು, ಬಿಟ್ಟರೆ ಬರೀ ಗೊರಗೊರ. ಅವಳು ಎಡಗೈಯಲ್ಲಿ ಆಂಟೆನಾ ಹಿಡಿದು ಬಲಗೈಯಲ್ಲಿ ಕಾಫಿ ಕುಡಿಯುತ್ತ ನಿಂತಿರುವುದು ನನ್ನ ಕಿಟಕಿಗೆ ಕಾಣುತ್ತಿತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅವಳು ಹಾಗೆಯೇ ನಿಂತಿದ್ದಳು. ಲಿಯಾಂಡರ್ ಕೆಲಸಕ್ಕೆ ಹೊರಡಲು ಬಗ್ಗಿ ಬೂಟಿನ ದಾರ ಕಟ್ಟುತ್ತಿದ್ದ. ಅವಳ ಮೆಚ್ಚಿನ ದನಿ, ಹವಾಮಾನ ಹೇಳಿದಷ್ಟೇ ತಣ್ಣಗೆ, ತಮ್ಮ ನಿಲಯ ಇನ್ನು ಮುಂದೆ ಹೊಸ ಊರುಗಳನ್ನೂ ತಲುಪಲಿದೆ, ಅದಕ್ಕಾಗಿ ಮೂರು ಖಾಸಗಿ ನಿಲಯಗಳನ್ನು ಕೊಂಡಿದ್ದೇವೆ ಎಂದು ಓದಿತು. ಎರಡನೆಯ ಹೆಸರು ನಾರ್ಬರ್ಟ್ ಕಾಪ್‌ನ ನಿಲಯದ್ದು.

ರೋಸೆಲ್ಲಾಳ ಕೈ ಆಂಟೆನಾ ಬಿಟ್ಟಿತು. ರೇಡಿಯೋ ಗೊರಗುಟ್ಟಿತು.

ಲಿಯಾಂಡರ್ ಬಗ್ಗಿದಲ್ಲೇ ಇದ್ದ. ಆಮೇಲೆ, “ಹಿಡ್ಕೋ ಅದನ್ನ,” ಎಂದ.

“ಬೇಡ, ಲಿಯಾಂಡರ್.”

“ಹಿಡ್ಕೋ ಅಂದೆ. ಪೂರ್ತಿ ಹೇಳ್ಲಿ.”

ಅವಳು ಹಿಡಿದುಕೊಂಡಳು. ಸುದ್ದಿ ಮುಗಿಯುವವರೆಗೂ, ಗಂಡನ ಕೆಲಸ ಹೋದದ್ದನ್ನು ಅವನಿಗೆ ಕೇಳಿಸುತ್ತ, ಹಾಗೆಯೇ ನಿಂತಿದ್ದಳು. “ಆ ಐದು ನಿಮಿಷ ನಾನೇ ಆ ರೇಡಿಯೋ ಆಗ್ಬಿಟ್ಟಿದ್ದೆ ಅರ್ಲೀನ್,” ಎಂದು ಆಮೇಲೆ ನನಗೆ ಹೇಳಿದಳು.

ಲಿಯಾಂಡರ್ ನಿಲಯಕ್ಕೆ ಹೋದಾಗ ನಾರ್ಬರ್ಟ್ ಒಳಗೆ ಹೋಗಲಾರದೆ ಹೊರಗೆ ತನ್ನ ಕಾರಿನಲ್ಲಿ ಕುಳಿತಿದ್ದನಂತೆ. ಎಂಬತ್ತು ದಾಟಿದ ಮುದುಕ. ಊರಿನ ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದ ಮೇಲೆ ಜಾಹೀರಾತು ಕೊಡುವವರೇ ಇರಲಿಲ್ಲ.

“ಒಪ್ಪಂದ ಆಗೋವರ್ಗೂ ಯಾರಿಗೂ ಹೇಳ್ಬಾರ್ದು ಅಂತ ಸಹಿ ಹಾಕಿಸ್ಕೊಂಡಿದ್ರು,” ಎಂದನಂತೆ. “ಇವತ್ತು ಕಾಫಿ ಕುಡೀತಾ ನಿಂಗೆ ಹೇಳೋಣ ಅಂತಿದ್ದೆ. ಅವರು ಇಷ್ಟು ಬೇಗ ಓದ್ಬಿಡ್ತಾರೆ ಅಂತ ಗೊತ್ತಿರ್ಲಿಲ್ಲ.”

“ನಂಗೆ ನನ್ನ ಹೆಂಡ್ತಿ ಹೇಳಿದ್ಲು,” ಎಂದು ಲಿಯಾಂಡರ್ ಒಳಗೆ ಹೋದ.

ಅಂದು ಮಧ್ಯಾಹ್ನ ಅವನು ಹಂದಿಯ ಧಾರಣೆ ಓದಿದ, ಸಾವಿನ ಸುದ್ದಿ ಓದಿದ, ಒಂದು ಪೋಲ್ಕಾ ಹಾಕಿದ. ಅದು ಮುಗಿದ ಮೇಲೆ ಏನೂ ಬರಲಿಲ್ಲ. ನಾನು ನನ್ನ ರೇಡಿಯೋ ಕೆಟ್ಟಿತೆಂದು ತಟ್ಟಿದೆ. ಆಮೇಲೆ ತಿಳಿಯಿತು, ಊರಿನಲ್ಲಿ ಎಲ್ಲರೂ ತಮ್ಮ ತಮ್ಮ ರೇಡಿಯೋ ತಟ್ಟಿದ್ದರು. ಕೊನೆಗೆ ಅವನ ದನಿ ಬಂತು: “ಕ್ಷಮಿಸಿ, ಎಲ್ಲೋ ನೋಡ್ತಾ ಕೂತ್ಬಿಟ್ಟೆ.”

ನಿಲಯ ಕೈ ಬದಲಾಗುವುದು ಮೇ ತಿಂಗಳ ಕೊನೆಯ ಶುಕ್ರವಾರ, ಸಂಜೆ ಎಂದು ಗೊತ್ತಾಯಿತು. ಅಂದಿನ ಮಧ್ಯಾಹ್ನವೇ ಲಿಯಾಂಡರ್‌ನ ಕೊನೆಯ ಕಾರ್ಯಕ್ರಮ. ಏನು ಹೇಳಬೇಕೆಂದು ಅವನು ವಾರಗಟ್ಟಲೆ ಗ್ಯಾರೇಜಿನಲ್ಲಿ ಓಡಾಡುತ್ತ ಗೊಣಗುಟ್ಟಿಕೊಂಡ. ಕೇಳಲು ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದ. “ಎಲ್ಲರ ಜೊತೆ ನೀನೂ ಕೇಳು,” ಎಂದಿದ್ದನಂತೆ ರೋಸೆಲ್ಲಾಳಿಗೆ.

ಆ ಶುಕ್ರವಾರ ನಾನೂ ಅವಳ ಅಡುಗೆಮನೆಯಲ್ಲಿದ್ದೆ. ಅವಳು ಹಬ್ಬದ ಮೇಜುಬಟ್ಟೆ ಹಾಸಿದ್ದಳು. ಹೊತ್ತಾಗುತ್ತಲೇ, ತಾನೆಂದೂ ಹಾಕದಿದ್ದ, ಗಂಡನ ನಿಲಯಕ್ಕೆ ಮುಳ್ಳು ತಿರುಗಿಸಿದಳು. ಅಲ್ಲಿ ಬಂದದ್ದು ಪಿಟೀಲುಗಳ ಸದ್ದು. ಅದರ ಹಿಂದೆಯೇ ಅವಳ ಬೆಳಗಿನ ಮೆಚ್ಚಿನ ದನಿ, ಆಂಟೆನಾ ಹಿಡಿಯದೆಯೇ, ಪಕ್ಕದಲ್ಲಿ ಕೂತು ಮಾತಾಡಿದಷ್ಟು ನಿಚ್ಚಳವಾಗಿ: “ನಮ್ಮ ಹೊಸ ಕೇಳುಗರಿಗೆ ಸ್ವಾಗತ.”

“ತಪ್ಪು ಜಾಗಕ್ಕೆ ತಿರುಗಿಸಿದೀಯ,” ಎಂದೆ.

“ಇಲ್ಲ,” ಎಂದಳು. ಮುಖ ಹಿಟ್ಟಿನಂತಾಗಿತ್ತು. “ಅವನದೇ ಇದು.”

ನಿಲಯಕ್ಕೆ ಫೋನ್ ಮಾಡಿದರೆ ರಿಂಗೇ ಆಗಲಿಲ್ಲ. ನನ್ನ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವಳು ತೊಡೆಯ ಮೇಲಿನ ಏಪ್ರನ್ ಮಡಿಸುತ್ತ ಬಿಡಿಸುತ್ತ ಇದ್ದಳು.

ನಿಲಯದ ಹೊರಗೆ ಯಾರೂ ಇರಲಿಲ್ಲ. ಒಳಗೆ ಗಾಜಿನ ಗೋಡೆಯಾಚೆ ಲಿಯಾಂಡರ್ ಕೂತಿದ್ದ. ಮದುವೆಗಳಿಗೆ ಹಾಕುವ ಕೋಟು, ಕಿವಿಗೆ ಹೆಡ್‌ಫೋನ್. ಮೈಕಿನ ಹತ್ತಿರ ಬಾಗಿ ಮಾತಾಡುತ್ತಿದ್ದ. ಮುಖದಲ್ಲಿ ನಗು, ಕೆನ್ನೆ ಒದ್ದೆ. ಅವನ ಮುಂದಿನ ಯಂತ್ರಗಳು ಎಂದಿನಂತೆ ಮಿನುಗುತ್ತಿದ್ದವು, ಹೆಡ್‌ಫೋನಿನಲ್ಲಿ ಅವನ ದನಿ ಅವನಿಗೆ ಕೇಳುತ್ತಿತ್ತು. ಅದು ಆ ಕೋಣೆ ದಾಟಿ ಎಲ್ಲಿಗೂ ಹೋಗುತ್ತಿಲ್ಲ ಎಂದು ಅವನಿಗೆ ತಿಳಿಯುವ ದಾರಿಯೇ ಇರಲಿಲ್ಲ.

ನಾನು ಗಾಜು ತಟ್ಟಲು ಕೈ ಎತ್ತಿದೆ. ರೋಸೆಲ್ಲಾ ನನ್ನ ಮಣಿಕಟ್ಟು ಹಿಡಿದಳು.

“ಬೇಡ. ಮುಗಿಸ್ಲಿ.”

“ಯಾರಿಗೂ ಕೇಳಿಸ್ತಿಲ್ಲ ರೋಸೆಲ್ಲಾ.”

“ಗೊತ್ತು. ಈಗ ಹೇಳಿದ್ರೆ ಅರ್ಧಕ್ಕೇ ನಿಲ್ಲುತ್ತೆ. ಇನ್ನೊಂದ್ಸಲ ಅವನ ಬಾಯಲ್ಲಿ ಬರಲ್ಲ.”

ನಾವಿಬ್ಬರೂ ಗಾಜಿನ ಈಚೆ ನಿಂತು ಅವನ ತುಟಿ ಆಡುವುದನ್ನು ನೋಡಿದೆವು. ನಮಗೂ ಒಂದು ಮಾತೂ ಕೇಳಲಿಲ್ಲ. ಅವನು ಎರಡು ಪೋಲ್ಕಾ ಹಾಕಿದ, ನಡುವೆ ಏನೋ ನೆನೆದು ನಕ್ಕ, ಕೊನೆಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು ಒಂದು ಕೈಯಿಂದ ಅದನ್ನು ಮುಚ್ಚಿ ಕೂತ. ಹೊರಗೆ ಬಂದು ನಮ್ಮನ್ನು ನೋಡಿದಾಗ ಅವನಿಗೆ ಖುಷಿಯಾಯಿತು.

“ಇಲ್ಲಿಗೇ ಬಂದ್ಬಿಟ್ರಾ. ಕಾರಲ್ಲಿ ಕೇಳಿದ್ರಾ? ಒಂದು ಫೋನೂ ಬರ್ಲಿಲ್ಲ ನೋಡಿ. ಎಲ್ರೂ ಅಳ್ತಿರ್ಬೇಕು ಅಂದ್ಕೊಂಡೆ.”

ಅವನು ನನ್ನ ಕಡೆ ನೋಡಿದ. ನಾನು ನೆಲ ನೋಡಿದೆ. ಆಗ ರೋಸೆಲ್ಲಾ ಹೇಳಿದಳು.

“ಬೆಳಿಗ್ಗೇನೇ ಬದಲಾಯಿಸಿಬಿಟ್ಟಿದಾರೆ. ನಿಂದು ಹೊರಗೆ ಹೋಗಿಲ್ಲ.”

“ಏನು ಹೋಗಿಲ್ಲ?”

“ಏನೂ ಹೋಗಿಲ್ಲ, ಲಿಯಾಂಡರ್.”

ಅವನು ಗೋಡೆಗೆ ಕೈ ಊರಿದ. ಜನ್ಮವಿಡೀ ಮಾತಿನಿಂದಲೇ ಬದುಕಿದವನ ಬಾಯಿ ಬರಿದೇ ತೆರೆದು ನಿಂತದ್ದನ್ನು ನಾನು ಮತ್ತೆಂದೂ ನೋಡಬಯಸುವುದಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ರೋಸೆಲ್ಲಾ ಏಪ್ರನ್ನಿನಲ್ಲಿ ಕೈ ಸುತ್ತಿಕೊಂಡು ಇನ್ನೊಂದನ್ನೂ ಹೇಳಿದಳು.

“ಎರಡು ವರ್ಷದ ಹಿಂದೆ ನಗರದಲ್ಲಿ ಆ ರೇಡಿಯೋದವರ ಕೇಳುಗರ ಸಭೆಗೆ ನಾನು ಹೋಗಿದ್ದೆನಲ್ಲ, ಅಕ್ಕನ ಮನೆಗೆ ಅಂತ ಹೇಳಿ. ಅಲ್ಲಿ ಎದ್ದು ನಿಂತು ಕೇಳ್ದೆ. ನಮ್ಮೂರಿಗೆ ನೀವು ಬರೋದೇ ಇಲ್ಲ, ಏನಾದ್ರೂ ಮಾಡಿ ಅಂದೆ. ಎಲ್ರೂ ಚಪ್ಪಾಳೆ ತಟ್ಟಿದ್ರು. ಒಂದು ಆಂಟೆನಾ ಕಂಬ ನೆಡ್ತಾರೆ ಅಂದ್ಕೊಂಡಿದ್ದೆ. ನಿಂದನ್ನೇ ಕೊಂಡ್ಕೋತಾರೆ ಅಂತ...”

ಇದು ನನಗೂ ಹೊಸದು. ನಿಂತು ಹೋಗಿದ್ದ ಗಡಿಯಾರವೊಂದನ್ನು ಲಿಯಾಂಡರ್ ಸುಮ್ಮನೆ ನೋಡುತ್ತಿದ್ದ. ಆಮೇಲೆ ಹೊರಗೆ ಹೋಗಿ ತನ್ನ ಪಿಕಪ್ ಗಾಡಿ ಹತ್ತಿದ. ರೋಸೆಲ್ಲಾ ಹಿಂದೆಯೇ ಹೋಗಿ ಪಕ್ಕದ ಬಾಗಿಲು ತೆರೆದು ಹತ್ತಿದಳು. ಹತ್ತಬೇಡ ಎಂದು ಅವನೇನೂ ಅನ್ನಲಿಲ್ಲ.

ನಾನು ಅವರ ಹಿಂದೆ ಕಾರು ಬಿಟ್ಟುಕೊಂಡು ಬಂದೆ. ಸ್ಮಶಾನದ ತಿರುವಿನಲ್ಲಿ ಪಿಕಪ್ ಬದಿಗೆ ನಿಂತಿತು. ಗಾಬರಿಯಾಗಿ ನಾನೂ ನಿಲ್ಲಿಸಿದೆ. ಹಿಂದಿನ ಕಿಟಕಿಯಲ್ಲಿ ಎರಡು ತಲೆ, ಎರಡೂ ನೆಟ್ಟಗೆ ಮುಂದೆ ನೋಡುತ್ತಿದ್ದವು. ಬಹಳ ಹೊತ್ತಾದ ಮೇಲೆ ಹೊರಟರು. ಅಲ್ಲಿ ಅವನು ಹೇಳಿದ್ದು ಎರಡೇ ಮಾತು ಎಂದು ಅವಳು ತಿಳಿಸಿದಳು: “ಸಭೇಲಿ ಎದ್ದು ಕೇಳಿದ್ದಕ್ಕೆ ನಂಗೆ ಕೋಪ ಇಲ್ಲ. ಅಕ್ಕನ ಮನೆ ಅಂತ ಯಾಕಂದೆ?”

ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಜನ ಅವನನ್ನು ಸುತ್ತಿಕೊಂಡರು. ಅಂದು ಹೇಳಿದ್ದನ್ನು ನಮ್ಮೆದುರು ಒಂದು ಸಲ ಹೇಳು ಎಂದು ಸಾಸೇಜ್ ಅಂಗಡಿಯವನು ಕುರ್ಚಿಯನ್ನೇ ಎಳೆದು ತಂದ. ಲಿಯಾಂಡರ್ ಕೂರಲಿಲ್ಲ. “ಹೇಳಿಯಾಯ್ತಲ್ಲ,” ಎಂದು ತಟ್ಟೆ ಹಿಡಿದು ಕೇಕಿನ ಕಡೆ ಹೋದ. ಯಾರಿಗೂ ಅದನ್ನು ಅವನು ಹೇಳಲಿಲ್ಲ, ರೋಸೆಲ್ಲಾಳಿಗೂ. ಅವಳು ಒತ್ತಾಯಿಸಿದರೆ, “ನೀನು ಅಲ್ಲೇ ನಿಂತಿದ್ಯಲ್ಲ,” ಎನ್ನುತ್ತಾನಂತೆ.

ಜೂನ್‌ನಲ್ಲಿ ನಗರದ ನಿಲಯದ ಮುಖ್ಯಸ್ಥೆ, ಮೆರೆಡಿತ್ ಎಂಬ ತೆಳ್ಳನೆಯ ಹೆಂಗಸು, ತಾನಾಗಿಯೇ ಅವರ ಮನೆಗೆ ಬಂದಳು. ಯಂತ್ರ ಬದಲಾಯಿಸುವವರಿಗೆ ಬೆಳಿಗ್ಗೆ ಎಂದು ಹೇಳಿದ್ದರು, ಲಿಯಾಂಡರ್‌ಗೆ ಸಂಜೆ ಎಂದು ಹೇಳಿದ್ದರು, ನಡುವೆ ಯಾರೂ ವಿಚಾರಿಸಿರಲಿಲ್ಲ. ಅಷ್ಟೇ ಆಗಿದ್ದು. ಅವನು ಮುಚ್ಚಿದ ಮೈಕಿಗೆ ಒಂದು ಗಂಟೆ ಮಾತಾಡಿದನೆಂದು ಆಕೆಗೆ ತಿಳಿದದ್ದೇ ಆ ಅಡುಗೆಮನೆಯಲ್ಲಿ. ಕಾಫಿ ಲೋಟ ಕೆಳಗಿಟ್ಟು ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಭಾನುವಾರ ಅರ್ಧ ಗಂಟೆ ನಿಮಗೆ ಕೊಡ್ತೀವಿ, ಮಿಸ್ಟರ್ ಥೀಲೆನ್. ನಿಮ್ಮ ಸಂಗೀತ, ಅದರ ಚರಿತ್ರೆ, ಎಲ್ಲಾ ಹೇಳಬಹುದು,” ಎಂದಳು.

“ಚರಿತ್ರೆ ಗೊತ್ತಿಲ್ಲಮ್ಮ ನಂಗೆ,” ಎಂದ ಲಿಯಾಂಡರ್. “ನಾನು ಹಾಕೋದು, ಅವರು ಕುಣಿಯೋದು, ಅಷ್ಟೇ. ನಿಮ್ಮೋರು ಕುಣೀತಾರಾ?”

ಆಕೆ ಪ್ರಾಮಾಣಿಕಳು. ಯೋಚಿಸಿ, “ಇಲ್ಲ ಅನ್ಸುತ್ತೆ,” ಎಂದಳು. ಅವನು ಆಕೆಗೆ ಇನ್ನೊಂದು ತುಂಡು ಕೇಕ್ ಕೊಟ್ಟು ಕಳಿಸಿದ.

ಈಗ ಅವನು ಬುಧವಾರ ವೃದ್ಧಾಶ್ರಮದಲ್ಲಿ ಕಾನ್ಸರ್ಟೀನಾ ಎಂಬ ತಿದಿಯ ವಾದ್ಯ ನುಡಿಸುತ್ತಾನೆ. ಹೊಗಳಿಕೆಗೆ ಹೇಳುವುದಲ್ಲ, ಗಾಲಿಕುರ್ಚಿಯಲ್ಲೇ ಕುಣಿದಂತೆ ತಿರುಗುವವರನ್ನು ನಾನು ಕಂಡಿದ್ದೇನೆ. ಸಾವಿನ ಸುದ್ದಿಯನ್ನು ಚರ್ಚಿನ ಬಾಗಿಲಿಗೆ ಅಂಟಿಸುತ್ತಾರೆ. ಅದನ್ನು ನೋಡದೆ ಎರಡು ಶವಸಂಸ್ಕಾರ ನನಗೆ ತಪ್ಪಿಹೋದವು.

ಮೊನ್ನೆ ಬೇಲಿಯ ಹತ್ತಿರ ರೋಸೆಲ್ಲಾ ಬಟ್ಟೆ ಒಣಗಹಾಕುತ್ತಿದ್ದಾಗ ಕೇಳಿಯೇಬಿಟ್ಟೆ. “ಆ ರೇಡಿಯೋನ ಇನ್ನೂ ಕೇಳ್ತೀಯಾ?”

“ಕೇಳ್ತೀನಿ. ಬಿಡಕ್ಕೆ ನೋಡ್ದೆ, ಆಗ್ಲಿಲ್ಲ. ಅವನು ಒಳಗೆ ಬಂದ್ರೆ ದನಿ ಸಣ್ಣ ಮಾಡ್ತೀನಿ.”

“ಅವನೇನಂತಾನೆ?”

ಅವಳು ಅಂಗಿಯೊಂದನ್ನು ಝಾಡಿಸಿ ಹಗ್ಗಕ್ಕೆ ಹಾಕಿದಳು.

“ಯಾಕೆ ಸಣ್ಣ ಮಾಡ್ದೆ, ರೇಡಿಯೋದಲ್ಲಿ ಆ ಹೆಂಗ್ಸು ಜೇನುಹುಳದ ಬಗ್ಗೆ ಏನೋ ಹೇಳ್ತಿದ್ಲಲ್ಲ ಅಂತ ಬಯ್ತಾನೆ.”