ಮೇಕೆ ಕೂದಲಿನ ಬ್ರಷ್ಷು

“ಹಂದಿ ಕೂದ್ಲು ಮನೆಯೊಳಕ್ಕೆ ತಂದೀಯೇನೇ?” ಎಂದು ಮೊಮ್ಮಕ್ಕಳ ಎದುರಿಗೇ ಸೊಸೆಯನ್ನು ಗದರಿಸಿ, ಯಜಮಾನರ ಗಡ್ಡದ ಬ್ರಷ್ಷನ್ನು ಅಂಗಳಕ್ಕೆ ಎಸೆದೆ. ನಮ್ಮ ಕುಲದಲ್ಲಿ ಹಂದಿ ಮುಟ್ಟುವುದಿಲ್ಲ. ಹಳೇ ಕೂದಲು ಉದುರಿದ್ದ ಬ್ರಷ್ಷಿಗೆ ಅವಳು ಹೊಸ ಕುಚ್ಚು ಕೂರಿಸಿದ್ದಳು. ಚಳ್ಳಕೆರೆ ಅಂಗಡಿಯ ಹಂದಿ ಕೂದಲೇ ಇರಬೇಕೆಂದು ನಾನೇ ತೀರ್ಮಾನಿಸಿಬಿಟ್ಟೆ. ನನ್ನ ಮಾವನ ಕಾಲದ ಮರದ ಹಿಡಿ ಕಲ್ಲಿಗೆ ಬಡಿದು ಸೀಳಿತು.

“ನಮ್ಮ ಮೇಕೆ ಕೂದ್ಲೇ ಅತ್ತೆ. ಮಗ್ಗದ ರೇಷ್ಮೆ ಎಳೇಲಿ ಬಿಗಿದು ಕಟ್ಟೀನಿ,” ಎಂದಳು, ಮೊಳಕಾಲ್ಮೂರಿಗೆ ನೇಯಲು ಹೋಗುವ ಸೊಸೆ. ಯಜಮಾನರು ಬ್ರಷ್ಷು ಎತ್ತಿಕೊಂಡು, “ಬೈಯೋಕ್ ಮುಂಚೆ ಕೇಳೋಕೇನಾಗಿತ್ತೇ ನಿಂಗೆ?” ಎಂದರು.

ಸೀಳಿದ ಹಿಡಿಗೆ ದಾರ ಸುತ್ತಿ, ಈಗಲೂ ಅದರಲ್ಲೇ ನೊರೆ ಹಚ್ಚಿಕೊಳ್ಳುತ್ತಾರೆ. ಸೊಸೆಗೆ ತಪ್ಪಾಯಿತು ಎನ್ನಲು ನನಗಿನ್ನೂ ನಾಲಿಗೆ ಹೊರಳಿಲ್ಲ. ಅವರು ಗಡ್ಡಕ್ಕೆ ಕೂತ ಕೂಡಲೇ ಎದ್ದು ಹಿತ್ತಲಿಗೆ ಹೋಗುತ್ತೇನೆ.